ದರಿಯಾಗಂಜಿನಲ್ಲಿ ಒಬ್ಬ ಮಾಸ್ತರರು

ಊರಿನಿಂದ ದೆಹಲಿಗೆ ಬರುವ ನೆಂಟರಿಗೆ ನಾವು ತೋರಿಸುವ ಜಾಗಗಳು ಹೆಚ್ಚುಕಡಿಮೆ ಗೊತ್ತಾದವೇ. ಕೆಂಪುಕೋಟೆ, ಕುತುಬ್ ಮಿನಾರು, ರಾಜಘಾಟು, ಇಂಡಿಯಾ ಗೇಟು. ಕಾಲಿನಲ್ಲಿ ಇನ್ನೂ ಶಕ್ತಿ ಉಳಿದಿದ್ದರೆ ಅಕ್ಷರಧಾಮ. ಕೈಯಲ್ಲಿ ಇನ್ನೂ ದುಡ್ಡು ಉಳಿದಿದ್ದರೆ ಕರೋಲ್‌ಬಾಗು. ಕೆಂಪುಕೋಟೆಯಿಂದ ದಕ್ಷಿಣಕ್ಕೆ ಬರುವಾಗ ದರಿಯಾಗಂಜ್ ಎಂಬ ಬಡಾವಣೆ ಹಾದುಹೋಗುತ್ತದೆ. ಅಲ್ಲಿ ಯಾರೂ ಇಳಿಯುವುದಿಲ್ಲ. ಇಳಿಯಬೇಕಾದರೆ ಅಂದು ಭಾನುವಾರವಾಗಿರಬೇಕು, ಮತ್ತು ಹಳೆಯ ಪುಸ್ತಕದ ಧೂಳಿಗೆ ಹೆದರದ ಮೂಗು ಇರಬೇಕು.

ದರಿಯಾ ಎಂದರೆ ನದಿ. ಷಹಜಹಾನ್ ಬಾದಶಹನು ಕಟ್ಟಿಸಿದ ಊರಿನ ಗೋಡೆಯ ಮಗ್ಗುಲಲ್ಲೇ ಯಮುನೆ ಹರಿಯುತ್ತಿದ್ದ ಕಾಲದ ಹೆಸರು ಅದು. ನದಿ ಪೂರ್ವಕ್ಕೆ ಸರಿದುಹೋಯಿತು; ಹೆಸರು ಮಾತ್ರ ನಿಂತಿದೆ. ಊರಿನ ದಕ್ಷಿಣದ ಬಾಗಿಲಾದ ದಿಲ್ಲಿ ದರವಾಜ ಈಗ ವಾಹನಗಳ ಹೊಳೆಯ ನಡುವೆ ದಿಕ್ಕು ತಪ್ಪಿದ ಮುದುಕನಂತೆ ನಿಂತಿದೆ. ಇಲ್ಲಿನ ಅನ್ಸಾರಿ ರಸ್ತೆಯ ತುಂಬ ಪ್ರಕಾಶಕರು. ವಾರದ ಆರು ದಿನ ಹೊಸ ಪುಸ್ತಕದ ವ್ಯಾಪಾರ ನಡೆಯುವ ಈ ನೆರೆಯಲ್ಲಿ, ಏಳನೆಯ ದಿನ ಅಂಗಡಿಗಳು ಬಾಗಿಲು ಹಾಕಿಕೊಂಡಾಗ, ಹಳೆಯ ಪುಸ್ತಕದವರು ಬಂದು ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದರು. ೧೯೬೦ರ ದಶಕದಿಂದಲೂ ನಡೆದುಬಂದ ಪದ್ಧತಿ. ಡಿಲೈಟ್ ಚಿತ್ರಮಂದಿರದ ಕಡೆಯಿಂದ ಹಿಡಿದು ಗೋಲ್ಚಾ ಚಿತ್ರಮಂದಿರದಾಚೆಗೂ ಪುಸ್ತಕಗಳೇ ಪುಸ್ತಕಗಳು. ವೈದ್ಯಶಾಸ್ತ್ರದ ಪಕ್ಕದಲ್ಲಿ ಅಡುಗೆ, ಅಡುಗೆಯ ಪಕ್ಕದಲ್ಲಿ ಮಾರ್ಕ್ಸ್.

‘ಹಾಸುತ್ತಿದ್ದರು’ ಎಂದು ಬರೆದೆನಷ್ಟೆ. ೨೦೧೯ರ ಜುಲೈಯಲ್ಲಿ ದೆಹಲಿ ಹೈಕೋರ್ಟಿನ ಆಜ್ಞೆಯಾಯಿತು. ನೇತಾಜಿ ಸುಭಾಷ್ ಮಾರ್ಗದ ಮೇಲೆ ವಾಹನಗಳಿಗೂ ಜನರಿಗೂ ದಾರಿಯಿಲ್ಲವೆಂದು ಸಂತೆಯನ್ನು ಎಬ್ಬಿಸಿದರು. ಹಲವು ಭಾನುವಾರಗಳು ವ್ಯಾಪಾರವಿಲ್ಲದೆ ಕಳೆದವು. ಸೆಪ್ಟೆಂಬರಿನಲ್ಲಿ ಆಸಫ್ ಅಲಿ ರಸ್ತೆಯ ಮಹಿಳಾ ಹಾಟ್ ಎಂಬ ಆವರಣದೊಳಗೆ ಜಾಗ ಕೊಟ್ಟರು. ಈಗ ಬೇಲಿಯುಂಟು, ಬಾಗಿಲುಂಟು, ಸಾಲುಸಾಲಾಗಿ ಜಾಗವುಂಟು. ರಸ್ತೆ ದಾಟುವಾಗ ಸ್ಕೂಟರಿಗೆ ಸಿಕ್ಕುವ ಭಯವಿಲ್ಲ. ಆದರೂ ಹಳಬರ ಮುಖದಲ್ಲಿ ತೃಪ್ತಿಯಿಲ್ಲ. “ಅಲ್ಲಿ ಪುಸ್ತಕ ಬೇಡದವನೂ ಎಡವಿ ಬೀಳುತ್ತಿದ್ದ, ಬಿದ್ದವನು ಒಂದು ಕೊಳ್ಳುತ್ತಿದ್ದ; ಇಲ್ಲಿಗೆ ಬೇಕಾದವನು ಮಾತ್ರ ಬರುತ್ತಾನೆ,” ಎಂದು ಒಬ್ಬ ಮುದುಕ ವ್ಯಾಪಾರಿ ನನಗೆ ಹಿಂದಿಯಲ್ಲಿ ಹೇಳಿದ. ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಿದ ನನಗೆ ಯಾರೂ ಇಷ್ಟು ಸ್ಪಷ್ಟವಾಗಿ ಮಾರುಕಟ್ಟೆಯ ಪಾಠ ಹೇಳಿರಲಿಲ್ಲ.

ಈ ಸಂತೆಯನ್ನು ನನಗೆ ತೋರಿಸಿಕೊಟ್ಟವರು ಧಾರವಾಡದ ಕಡೆಯ ಒಬ್ಬ ಮಾಸ್ತರರು. ಹೆಸರು ಬರೆಯಕೂಡದೆಂದು ಅವರ ಅಪ್ಪಣೆ. ದೆಹಲಿಯ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ವಯಸ್ಸು ಅರವತ್ತರ ಹೊಸಿಲಿನಲ್ಲಿದೆ. ತಲೆಗೂದಲು ಬೆಳ್ಳಗಾಗಿದೆ, ಮಾತು ಮೆಲ್ಲಗೆ, ನಡೆ ಇನ್ನೂ ಮೆಲ್ಲಗೆ. ಇಂಥವರು ಭಾನುವಾರ ಬೆಳಿಗ್ಗೆ ಜೋಳಿಗೆಯಂಥ ಎರಡು ಚೀಲ ಹಿಡಿದು ದಿಲ್ಲಿ ಗೇಟ್ ಮೆಟ್ರೋ ನಿಲ್ದಾಣದಲ್ಲಿಳಿದರೆ, ಯಾವುದೋ ಉಪನಿಷತ್ತಿನ ಭಾಷ್ಯಕ್ಕಾಗಿ ಬಂದಿದ್ದಾರೆಂದೇ ನೀವು ತಿಳಿಯುವಿರಿ. ಅವರು ಬರುವುದು ಕಾಮಿಕ್ಸಿಗಾಗಿ. ಚಿತ್ರಕಥೆಯ ಪುಸ್ತಕಗಳಿಗಾಗಿ. ಐವತ್ತು ವರ್ಷದಿಂದ ಅಂಟಿಕೊಂಡ ಚಟ, ಬಿಡುವ ಯೋಚನೆಯಿಲ್ಲ.

ಅವರ ಜೊತೆಯಲ್ಲಿ ನಡೆಯುವುದೆಂದರೆ ಭೂಗರ್ಭಶಾಸ್ತ್ರಜ್ಞನ ಜೊತೆ ಗುಡ್ಡ ಹತ್ತಿದ ಹಾಗೆ. ನಮಗೆ ಕಾಣುವುದು ಹಳೆಯ ಕಾಗದದ ಗುಡ್ಡೆ. ಅವರಿಗೆ ಪದರಪದರವಾಗಿ ಕಾಲ ಕಾಣುತ್ತದೆ. ಎಲ್ಲಕ್ಕಿಂತ ಕೆಳಗೆ, ಸಿಕ್ಕಿದರೆ ಸಿಕ್ಕೀತು ಎಂಬಂಥದು, ಇಂದ್ರಜಾಲ ಕಾಮಿಕ್ಸು. ಟೈಮ್ಸ್ ಆಫ್ ಇಂಡಿಯಾದವರು ೧೯೬೪ರ ಮಾರ್ಚಿಯಲ್ಲಿ ಮುಂಬಯಿಯಿಂದ ಹೊರಡಿಸಿದ ಮಾಲೆ. ಮೊದಲ ಸಂಚಿಕೆಯೇ ಮುಖವಾಡ ತೊಟ್ಟ ಫ್ಯಾಂಟಮನ ಕಥೆ, ಬೆಲೆ ಅರವತ್ತು ಪೈಸೆ. ಅಮೆರಿಕದ ಲೀ ಫಾಕ್ ಎಂಬಾತ ಹುಟ್ಟಿಸಿದ ಈ ವೀರನ ಕಾಡಿನ ನಾಡಿಗೆ ಮೂಲದಲ್ಲಿ ಬಂಗಾಲವನ್ನು ನೆನಪಿಸುವ ಹೆಸರಿತ್ತು. ನಮ್ಮವರಿಗೆ ಇರಿಸುಮುರಿಸಾದೀತೆಂದು ಇಲ್ಲಿನ ಸಂಪಾದಕರು ಅದನ್ನು ಡೆಂಕಾಲಿ ಎಂದು ಬದಲಿಸಿದರು. ಆ ಮಾಲೆ ೧೯೯೦ರಲ್ಲಿ ನಿಂತುಹೋಯಿತು. ಅದರ ಮೇಲಿನ ಪದರ ಅಮರ ಚಿತ್ರಕಥೆ. ಅದರ ಮೇಲೆ ದೆಹಲಿಯದೇ ಆದ ಡೈಮಂಡ್ ಕಾಮಿಕ್ಸು. ಚಾಚಾ ಚೌಧರಿ ಮತ್ತು ಗುರುಗ್ರಹದಿಂದ ಬಂದ ದೈತ್ಯ ಸಾಬೂ. ಇವರನ್ನು ಬರೆದ ಪ್ರಾಣ್ ಅವರು ಈಗ ಪಾಕಿಸ್ತಾನದಲ್ಲಿರುವ ಕಸೂರಿನಲ್ಲಿ ೧೯೩೮ರಲ್ಲಿ ಹುಟ್ಟಿ, ೨೦೧೪ರಲ್ಲಿ ತೀರಿಕೊಂಡರು. ಮುಂಡಾಸು, ದೊಡ್ಡ ಮೀಸೆ, ಕೈಯಲ್ಲಿ ಕೋಲು. ಸಿಟ್ಟು ಬಾರದ ಮುದುಕನೊಬ್ಬ ಲಕ್ಷಾಂತರ ಹುಡುಗರ ನಾಯಕನಾದದ್ದು ಸಣ್ಣ ಸಂಗತಿಯಲ್ಲ. ಇದರ ಮೇಲೆ, ೧೯೮೬ರಿಂದೀಚೆಗೆ, ರಾಜ್ ಕಾಮಿಕ್ಸಿನ ನಾಗರಾಜ, ಧ್ರುವ ಮೊದಲಾದ ಮೈಕಟ್ಟಿನ ವೀರರು. ಈ ಪದರದಲ್ಲಿ ನನಗೆ ಅಷ್ಟೇನೂ ಆಸಕ್ತಿಯಿಲ್ಲ. ಎಲ್ಲರಿಗೂ ಒಂದೇ ಎದೆ, ಒಂದೇ ತೋಳು.

ಮಾಸ್ತರರು ಯಾವ ಪದರವನ್ನೂ ಹೀಗಳೆಯುವುದಿಲ್ಲ. ದೊಡ್ಡವರ ಚಿತ್ರಕಾದಂಬರಿಗಳೂ ಅವರಿಗೆ ಬೇಕು. ನರ್ಮದಾ ಅಣೆಕಟ್ಟಿನ ವಿಚಾರವಾಗಿ ಓರಿಜಿತ್ ಸೇನ್ ಅವರು ೧೯೯೪ರಲ್ಲಿ ಬರೆದ ‘ರಿವರ್ ಆಫ್ ಸ್ಟೋರೀಸ್’ ಪುಸ್ತಕವನ್ನು ಭಾರತದ ಮೊದಲ ಚಿತ್ರಕಾದಂಬರಿಯೆಂದು ಅನೇಕರು ಎಣಿಸುತ್ತಾರೆ. ಅದರ ಒಂದು ಪ್ರತಿ ಮಾಸ್ತರರಲ್ಲಿದೆ, ಯಾರಿಗೂ ಕೊಡುವುದಿಲ್ಲ. ಸಾರನಾಥ್ ಬ್ಯಾನರ್ಜಿಯವರ ‘ಕಾರಿಡಾರ್’ ೨೦೦೪ರದು. ಕನಾಟ್ ಪ್ಲೇಸಿನ ಒಬ್ಬ ಹಳೆಯ ಪುಸ್ತಕದ ವ್ಯಾಪಾರಿಯ ಸುತ್ತ ಹೆಣೆದ ಕಥೆ; ಅದನ್ನು ಹಳೆಯ ಪುಸ್ತಕದ ಸಂತೆಯಲ್ಲೇ ಕೊಳ್ಳಬೇಕೆಂದು ಮಾಸ್ತರರು ಹಟ ಹಿಡಿದು ಕಾದರಂತೆ. ಆರ್ಟ್ ಸ್ಪೀಗಲ್‌ಮನ್ ಎಂಬ ಅಮೆರಿಕದವರ ‘ಮೌಸ್’ ಕೂಡ ಇಲ್ಲಿಯೇ ದೊರಕಿತು. ಯಹೂದಿಗಳು ಇಲಿಗಳಾಗಿ, ನಾಜಿಗಳು ಬೆಕ್ಕುಗಳಾಗಿ ಬರುವ ಆ ಪುಸ್ತಕಕ್ಕೆ ೧೯೯೨ರಲ್ಲಿ ಪುಲಿಟ್ಜರ್ ಬಹುಮಾನದ ಮರ್ಯಾದೆ ದೊರೆತಿತ್ತು. ಒಂಬತ್ತನೆಯ ತರಗತಿಗೆ ಹಿಟ್ಲರನ ಪಾಠವಿದೆ. ಮಾಸ್ತರರು ಪಾಠದ ಮೊದಲು ಆ ಪುಸ್ತಕದ ನಾಲ್ಕು ಪುಟಗಳನ್ನು ತೋರಿಸಿ ಸುಮ್ಮನೆ ಕೂರುತ್ತಾರೆ. “ಆಮ್ಯಾಲೆ ನಾ ಹೇಳೋದು ಭಾಳ ಉಳಿಯೂದಿಲ್ರಿ, ಅವರ ಕೇಳ್ತಾರ,” ಎನ್ನುತ್ತಾರೆ.

ಚಿತ್ರಕಥೆಯ ಮೂಲಪುರುಷನೇ ಒಬ್ಬ ಉಪಾಧ್ಯಾಯನೆಂಬುದು ಅವರಿಗೆ ದೊಡ್ಡ ಹೆಮ್ಮೆ. ಜಿನೀವಾ ನಗರದಲ್ಲಿ ರೊಡಾಲ್ಫ್ ಟೋಪ್ಫರ್ ಎಂಬಾತ ಹುಡುಗರ ವಸತಿಶಾಲೆ ನಡೆಸುತ್ತಿದ್ದ. ೧೮೨೭ರ ಸುಮಾರಿಗೆ ಸಾಲುಸಾಲು ಚಿತ್ರ ಬರೆದು, ಕೆಳಗೆ ಎರಡೆರಡು ಸಾಲು ಮಾತು ಬರೆದು, ನಗೆಕಥೆಗಳನ್ನು ಕಟ್ಟಿದ. ಅವು ಮುದುಕನಾಗಿದ್ದ ಗಯಟೆಯ ಕೈಗೆ ಹೋಗಿ, ಆ ಮಹಾಕವಿ ಮೆಚ್ಚಿದನಂತೆ. “ನಮ್ಮ ಧಂದೆದವನ ರೀ ಅಂವ! ಹುಡುಗರನ್ನ ನಗಸಲಿಕ್ಕೆ ಹೋಗಿ ಜಗತ್ತಿಗೆ ಒಂದು ಹೊಸಾ ವಿದ್ಯೆ ಕೊಟ್ಟ. ನಮ್ಮ ಇನ್‌ಸ್ಪೆಕ್ಟರ್ ಸಾಹೇಬ್ರು ಇದ್ದಿದ್ರ ಅವಂಗ ಮೆಮೋ ಕೊಡ್ತಿದ್ರು,” ಎಂದು ಮಾಸ್ತರರು ನಗುತ್ತಾರೆ.

ಕನ್ನಡದವರಾದ ನಮಗೆ ಈ ಊರಿನಲ್ಲಿ ಇನ್ನೊಂದು ಚಿತ್ರಕಥಾಕ್ಷೇತ್ರವಿದೆ. ಅದು ಕರೋಲ್‌ಬಾಗು. ಅಮರ ಚಿತ್ರಕಥೆಯನ್ನು ಬೆಳೆಸಿದ ಅನಂತ ಪೈಗಳು ನಮ್ಮ ಕಾರ್ಕಳದವರು. ೧೯೨೯ರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಮುಂಬಯಿ ಸೇರಿದವರು. ೧೯೬೭ರಲ್ಲಿ ಅವರು ದೆಹಲಿಗೆ ಬಂದಿದ್ದಾಗ ಕರೋಲ್‌ಬಾಗಿನ ಒಂದು ಪುಸ್ತಕದಂಗಡಿಯ ಟೆಲಿವಿಷನ್ನಿನಲ್ಲಿ ವಿದ್ಯಾರ್ಥಿಗಳ ರಸಪ್ರಶ್ನೆ ನೋಡಿದರಂತೆ. ಗ್ರೀಸಿನ ದೇವತೆಗಳ ವಿಚಾರ ಕೇಳಿದರೆ ಥಟ್ಟನೆ ಉತ್ತರ. ರಾಮನ ತಾಯಿ ಯಾರೆಂದರೆ ಮೌನ. ಈ ಕಥೆಯನ್ನು ಪೈಗಳು ಮುಂದೆ ಅನೇಕ ಸಲ ಹೇಳಿದ್ದಾರೆ. ಅದು ದೆಹಲಿಯಲ್ಲೇ ನಡೆಯಬೇಕಿತ್ತೆಂಬುದನ್ನು ಮಾತ್ರ ನಾವು ಸೇರಿಸಬಹುದು. ಆಗ ಟೆಲಿವಿಷನ್ ಇದ್ದದ್ದು ಈ ಊರಿನಲ್ಲಷ್ಟೆ, ಮುಂಬಯಿಗೆ ಬಂದದ್ದು ೧೯೭೨ರಲ್ಲಿ.

ಅದಕ್ಕೂ ಹಿಂದಿನ ಸಂಗತಿ ನಮ್ಮವರಲ್ಲೇ ಅನೇಕರಿಗೆ ತಿಳಿಯದು. ೧೯೬೫ರಲ್ಲಿ ಬೆಂಗಳೂರಿನ ಪುಸ್ತಕ ವ್ಯಾಪಾರದ ಜಿ. ಕೆ. ಅನಂತರಾಮ್ ಅವರು ಪರದೇಶದ ಮಕ್ಕಳ ಕಥೆಗಳನ್ನು ಕನ್ನಡದ ಚಿತ್ರಕಥೆಗಳಾಗಿ ಹೊರತರಿಸಿದರು. ಅವರು ಹೇಳಿರುವಂತೆ ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು ಇವೇ. ಇಂಗ್ಲಿಷಿನ ಅಮರ ಚಿತ್ರಕಥೆಯಲ್ಲಿ ‘ಕೃಷ್ಣ’ ಮೊದಲನೆಯದಾದರೂ ಅದರ ಸಂಖ್ಯೆ ಹನ್ನೊಂದು. ಹಿಂದಿನ ಹತ್ತು ಎಲ್ಲಿ ಹೋದವೆಂದು ಕೇಳುವವರಿಗೆ ಉತ್ತರ ಬೆಂಗಳೂರಿನಲ್ಲಿದೆ. ಮಾಸ್ತರರು ಇದನ್ನು ಸಂತೆಯ ಪ್ರತಿಯೊಬ್ಬ ವ್ಯಾಪಾರಿಗೂ ಹಿಂದಿಯಲ್ಲಿ ವಿವರಿಸಿದ್ದಾರೆ. ಅವರೆಲ್ಲ ತಲೆದೂಗಿ, ಬೆಲೆಯಲ್ಲಿ ಐದು ರೂಪಾಯಿ ಏರಿಸಿದ್ದಾರೆ. ೨೦೧೧ರ ಫೆಬ್ರವರಿಯಲ್ಲಿ ದಿಲ್ಲಿ ಹಾಟಿನಲ್ಲಿ ಮೊದಲ ಕಾಮಿಕ್ಸ್ ಮೇಳ ನಡೆದು ಪೈಗಳಿಗೆ ಜೀವಮಾನದ ಸಾಧನೆಯ ಗೌರವ ಸಂದಾಗ ಮಾಸ್ತರರು ಅಲ್ಲಿದ್ದರು. ಅದೇ ತಿಂಗಳ ೨೪ರಂದು ಪೈಗಳು ತೀರಿಕೊಂಡರು.

ಇಷ್ಟೇ ಆಗಿದ್ದರೆ ಇದು ಒಬ್ಬರ ಹವ್ಯಾಸದ ಮಾತಾಗುತ್ತಿತ್ತು. ಆದರೆ ಮಾಸ್ತರರ ಎರಡು ಚೀಲಗಳಲ್ಲಿ ಒಂದು ಮಾತ್ರ ಅವರದು. ಇನ್ನೊಂದು ಮಕ್ಕಳದು. ಭಾನುವಾರ ಸಂಜೆ ಅವರ ಮನೆಯ ಮುಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಕನ್ನಡದ ಮಕ್ಕಳು ಸೇರುತ್ತಾರೆ. ಎಲ್ಲರಿಗೂ ಮಾತು ಬರುತ್ತದೆ, ಅಕ್ಷರ ಬಾರದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮೂರು ಹೊತ್ತಿನ ಊಟದಂತೆ ಮೂರು ಭಾಷೆ. ಕಾಗುಣಿತದ ಪುಸ್ತಕ ತೆರೆದರೆ ಆಕಳಿಕೆ. ಇಲ್ಲಿ ಕನ್ನಡದ ಚಿತ್ರಕಥೆ ಸಿಗುವುದು ಅಪರೂಪ. ಆದ್ದರಿಂದ ಮಾಸ್ತರರು ಹಿಂದಿಯ ಹಳೆಯ ಚಾಚಾ ಚೌಧರಿಯನ್ನು ತಂದು, ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳ ಅಳತೆಗೆ ಬಿಳಿಯ ಕಾಗದ ಕತ್ತರಿಸಿ, ಮೇಲೆ ಅಂಟಿಸಿ, ಅದರಲ್ಲಿ ಕಪ್ಪು ಶಾಯಿಯಿಂದ ಕನ್ನಡ ಬರೆಯುತ್ತಾರೆ. ಇದು ಅಚ್ಚಾಗುವುದಿಲ್ಲ, ಮಾರಾಟವಾಗುವುದಿಲ್ಲ. ಒಂದೇ ಪ್ರತಿ, ಕೋಣೆ ಬಿಟ್ಟು ಹೋಗುವುದಿಲ್ಲ. ಒಂದು ಪುಸ್ತಕಕ್ಕೆ ಒಂದು ವಾರ ಹಿಡಿಯುತ್ತದೆ.

ಕೆಲಸ ಸುಲಭವೆಂದು ತಿಳಿಯಬೇಡಿ. ಹಿಂದಿಯ ಎರಡಕ್ಷರದ ‘ಅರೇ’ ಕೂತ ಗುಳ್ಳೆಯಲ್ಲಿ ಕನ್ನಡ ಹೇಗಾದರೂ ಕೂತೀತು. ‘ನೋಡಿಕೊಳ್ಳುತ್ತೇನೆ’ ಎಂಬುದು ಹೇಗೆ ಕೂತೀತು? ನಮ್ಮ ಕ್ರಿಯಾಪದಗಳು ರೈಲುಗಾಡಿಗಳು; ಗುಳ್ಳೆಯೋ ಸೈಕಲ್ ರಿಕ್ಷಾ. ಆದಕಾರಣ ಆಡುಮಾತೇ ಗತಿ. ಆಡುಮಾತೆಂದರೆ ಯಾರ ಆಡುಮಾತು? ಮಾಸ್ತರರು ‘ನೋಡ್ಕೋತೇನಿ’ ಎಂದು ಬರೆದರು. ಮೈಸೂರಿನ ಕಡೆಯವನಾದ ನಾನು ‘ನೋಡ್ಕೋತೀನಿ’ ಎಂದೆ. ಒಂದಕ್ಷರದ ಮೇಲೆ ಒಂದು ಸಂಜೆ ಹೋಯಿತು. ಕೊನೆಗೆ ರಾಜಿಯಾಯಿತು: ಚಾಚಾ ಧಾರವಾಡದ ಮಾತಾಡುವುದು, ಸಾಬೂ ಮೈಸೂರಿನ ಮಾತಾಡುವುದು, ಕಳ್ಳರು ಮಂಗಳೂರಿನ ಮಾತಾಡುವುದು. ಮರುವಾರವೇ ಪುತ್ತೂರಿನ ದಂಪತಿಗಳು ಬಂದು, “ಕಳ್ಳರಿಗೆ ನಮ್ಮ ಭಾಷೆಯೇ ಎಂತಕ್ಕೆ ಮಾರಾಯ್ರೆ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅಂದಿನಿಂದ ಕಳ್ಳರು ಸರಕಾರಿ ಸುತ್ತೋಲೆಯ ಕನ್ನಡ ಮಾತಾಡುತ್ತಾರೆ: “ನಿನ್ನ ವಶದಲ್ಲಿರುವ ಹಣದ ಚೀಲವನ್ನು ಈ ಕೂಡಲೇ ಒಪ್ಪಿಸತಕ್ಕದ್ದು.” ಆ ಭಾಗಕ್ಕೆ ಬೇಕಾದ ಭಾಷೆಯನ್ನು ಒದಗಿಸುವ ಜವಾಬ್ದಾರಿ ನನ್ನದು, ಅನುಭವ ಸಾಕಷ್ಟಿದೆ. ಮಕ್ಕಳು ಹೆಚ್ಚು ನಗುವುದು ಈ ಕಳ್ಳರ ಮಾತಿಗೇ. ನಗಬೇಕಾದರೆ ಓದಬೇಕು, ‘ಒಪ್ಪಿಸತಕ್ಕದ್ದು’ ಎಂಬುದರ ಒತ್ತಕ್ಷರಗಳನ್ನೆಲ್ಲ ದಾಟಿಯೇ ಓದಬೇಕು.

ಶಬ್ದಗಳ ವಿಷಯದಲ್ಲಿ ಮಾತ್ರ ಕನ್ನಡಕ್ಕೆ ಯಾರ ಹಂಗೂ ಇಲ್ಲ. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯವೆಂದೇ ಒಂದು ಅಂಗಡಿಯಿದೆ. ಬಿದ್ದರೆ ದಬಕ್ಕನೆ, ಒಡೆದರೆ ಫಳಾರನೆ, ಓಡಿದರೆ ದಡದಡ, ನೀರಿಗೆ ಹಾರಿದರೆ ದುಡುಂ. ಸಾಬೂನ ಒಂದು ಗುದ್ದಿಗೆ ಮಕ್ಕಳು ಏಳು ಶಬ್ದ ಸೂಚಿಸಿದ ದಿನ ಮಾಸ್ತರರು ಎಲ್ಲರಿಗೂ ಜಿಲೇಬಿ ತರಿಸಿದರು.

ಎಲ್ಲ ತಂದೆತಾಯಿಗಳಿಗೂ ಇದು ಹಿಡಿಸಿದೆಯೆಂದು ಹೇಳಲಾರೆ. ನಮ್ಮ ವಠಾರದಲ್ಲೇ ಇರುವ ಒಬ್ಬ ಅಧಿಕಾರಿಗಳು, ಸಜ್ಜನರು, ಒಂದು ದಿನ ಬಂದು ಕೋಣೆಯನ್ನು ನೋಡಿದರು. ಅವರ ಮಗಳಿಗೆ ಹನ್ನೊಂದು ವರ್ಷ. “ನನ್ನ ಮಗಳು ನಾಳೆ ಕುವೆಂಪು, ಬೇಂದ್ರೆ ಓದಲಿ ಅಂತ ಇಲ್ಲಿಗೆ ಕಳಿಸಿದೆ. ಚಾಚಾ ಚೌಧರಿ ಅವಳಿಗೆ ಹಿಂದಿಯಲ್ಲೇ ಗೊತ್ತು. ಚಿತ್ರ ನೋಡಿ ಕಥೆ ಊಹಿಸ್ತಾಳೆ, ಅಕ್ಷರ ಎಲ್ಲಿ ನೋಡ್ತಾಳೆ?” ಎಂದರು. ಮಾಸ್ತರರು, “ಓದಬೇಕ್ರಿ, ಬೇಂದ್ರೆಯವರನ್ನ ಓದಲೇಬೇಕು. ಆದರ ಮೊದಲ ಓದಲಿಕ್ಕ ಬರಬೇಕಲ್ರಿ?” ಎಂದರು. ಮಾತು ಅಲ್ಲಿಗೆ ನಿಂತಿತು. ಹುಡುಗಿಯೂ ಬರುವುದು ನಿಂತಿತು.

ಆ ತಂದೆಯ ಮಾತು ಪೂರ್ತಿ ಸುಳ್ಳೆಂದು ನನಗೆ ತೋರುವುದಿಲ್ಲ. ಚಿತ್ರದ ಮೇಲೆ ಜಾರಿಕೊಂಡು ಕೊನೆಯ ಪುಟ ಮುಟ್ಟುವ ಮಕ್ಕಳು ಇದ್ದಾರೆ. ಬೆರಳಿಟ್ಟು ಕೇಳಿದರೆ ಕನ್ನಡದ ಒಂದು ಪದವನ್ನೂ ಓದಲಾರರು. ಮಾಸ್ತರರಿಗೂ ಇದು ತಿಳಿಯದ್ದಲ್ಲ. ಆ ಸಂಜೆಯ ಮೇಲೆ ಅವರು ಪುಸ್ತಕಕ್ಕೆ ಎರಡೋ ಮೂರೋ ಗುಳ್ಳೆಗಳನ್ನು ಖಾಲಿ ಬಿಡತೊಡಗಿದರು. ಹಿಂದುಮುಂದಿನದನ್ನು ಓದದೆ ಅದನ್ನು ತುಂಬುವಂತಿಲ್ಲ. ಕೆಲವರು ತುಂಬುತ್ತಾರೆ, ಕೆಲವರು ಗುಳ್ಳೆಯಲ್ಲಿ ಮೀಸೆ ಬರೆದು ಕೊಡುತ್ತಾರೆ.

ಬರುವ ಮಾರ್ಚಿಯಲ್ಲಿ ಮಾಸ್ತರರ ನಿವೃತ್ತಿ. ಧಾರವಾಡಕ್ಕೆ ಹೊರಡುವುದು ಖಚಿತ. ಮನೆಯಲ್ಲಿ ಮಂಚದ ಕೆಳಗೆ, ಅಟ್ಟದ ಮೇಲೆ, ಫ್ರಿಜ್ಜಿನ ಪಕ್ಕದಲ್ಲಿ ಒಟ್ಟು ಹದಿನಾಲ್ಕು ಪೆಟ್ಟಿಗೆ. ಅವರ ಶ್ರೀಮತಿಯವರು, “ಪೆಟ್ಟಿಗಿ ಧಾರವಾಡಕ್ಕ ಬಂದರ ನಾ ದಿಲ್ಲ್ಯಾಗ ಇರ್ತೇನಿ,” ಎಂದು ನನ್ನೆದುರಿಗೇ ಹೇಳಿದ್ದಾರೆ. ಇಂದ್ರಜಾಲದ ಎರಡು ಪೆಟ್ಟಿಗೆಗೆ ಮಾತ್ರ ಅನುಮತಿ ದೊರೆತಂತಿದೆ. ಉಳಿದವು ಬಂದ ದಾರಿಯಲ್ಲೇ ಮಹಿಳಾ ಹಾಟಿಗೆ ಹೋಗಬಹುದು. ಆ ಮುದುಕ ವ್ಯಾಪಾರಿ ಈಗಾಗಲೇ ಬೆಲೆ ಹೇಳಿದ್ದಾನೆ. ಕನ್ನಡದ ಗುಳ್ಳೆ ಅಂಟಿಸಿದ ಮೂವತ್ತೇಳು ಪುಸ್ತಕಗಳನ್ನು ಅವನೂ ಕೊಳ್ಳನು. ಹಿಂದಿಯವರಿಗೆ ಅವು ಕೆಟ್ಟುಹೋದ ಪುಸ್ತಕಗಳು. ಅವನ್ನಿಡಲು ಒಂದು ಕಪಾಟು, ಭಾನುವಾರ ಸಂಜೆ ಎರಡು ಗಂಟೆ ಕೂರಲು ಒಬ್ಬರು, ಇಷ್ಟು ಬೇಕಾಗಿದೆ. ನನ್ನ ಮನೆಯಲ್ಲಿ ಕಪಾಟಿಗೆ ಜಾಗ ಮಾಡಿದ್ದೇನೆ. ಚಿತ್ರ ಬರೆಯುವ ಕೈ ನನ್ನದಲ್ಲ, ಅಕ್ಷರ ಮಾತ್ರ ಕಚೇರಿಯ ಕೃಪೆಯಿಂದ ದುಂಡಾಗಿದೆ.

ಕಳೆದ ತಿಂಗಳು ಚಳಿ ಬಿದ್ದ ಒಂದು ಬೆಳಿಗ್ಗೆ ಆ ಮುದುಕ ದೂರದಿಂದಲೇ, “ಮಾಸ್ಟರ್‌ಜಿ, ನಿಮ್ಮ ಮದ್ರಾಸಿ ಮಾಲು ಬಂದಿದೆ,” ಎಂದು ಕೂಗಿದ. ವಿಂಧ್ಯದಾಚೆಗಿನ ಲಿಪಿಯೆಲ್ಲ ಅವನಿಗೆ ಮದ್ರಾಸಿಯೇ. ತೆಲುಗಿನ ನಾಲ್ಕು, ತಮಿಳಿನ ಆರು, ಇವುಗಳ ನಡುವೆ ಮುಖಪುಟ ಕಳಚಿಹೋದ ಒಂದು ಕನ್ನಡದ ಚಿತ್ರಕಥೆ. ನಳದಮಯಂತಿಯರದು. ಯಾವ ಮನೆಯ ಯಾವ ಮಗು ಓದಿದ್ದೋ, ಹಂಸಕ್ಕೆಲ್ಲ ನೀಲಿ ಬಣ್ಣ ಬಳಿದಿತ್ತು. ಮಾಸ್ತರರು ಚೌಕಾಸಿ ಮಾಡದೆ ಐವತ್ತು ರೂಪಾಯಿ ಕೊಟ್ಟದ್ದನ್ನು ನಾನು ಅದೊಂದು ಸಲ ಮಾತ್ರ ನೋಡಿದೆ. ಸ್ವಯಂವರದ ಪುಟದ ಒಂದು ಮೂಲೆಯನ್ನು ಹುಳು ತಿಂದು, ದಮಯಂತಿಯ ಮಾತೇ ಹೋಗಿತ್ತು. ಅಲ್ಲಿ ಬಿಳಿಯ ಕಾಗದ ಅಂಟಿಸಿ, ಏನನ್ನೂ ಬರೆಯದೆ, “ಇದನ್ನ ನಿಮ್ಮ ವಠಾರದ ಆ ಹುಡುಗಿಗೆ ಕೊಡ್ರಿ ರಾಯರ. ಇದು ಚಾಚಾ ಅಲ್ಲ, ಮಹಾಭಾರತ, ಅವರಪ್ಪ ಬ್ಯಾಡ ಅನ್ನೂದಿಲ್ಲ,” ಎಂದು ನನ್ನ ಕೈಗಿತ್ತರು.

ಕೊಟ್ಟು ಬಂದೆ. ಆ ಮನೆಯಲ್ಲಿ ಹುಡುಗಿಯ ಅಜ್ಜಿಯಿದ್ದಾರೆ, ನಮ್ಮ ಹಾಸನದ ಕಡೆಯವರು. ಎರಡು ವಾರ ಸದ್ದಿಲ್ಲ. ಮೂರನೆಯ ಭಾನುವಾರ ಬೆಳಿಗ್ಗೆ ಹುಡುಗಿ ಬಾಗಿಲಿಗೆ ಬಂದು ಪುಸ್ತಕ ಕೊಟ್ಟು ಓಡಿಹೋದಳು. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪ ತೊಟ್ಟು ಸಾಲಾಗಿ ನಿಂತ ಆ ಚಿತ್ರದಲ್ಲಿ, ದಮಯಂತಿಯ ಗುಳ್ಳೆಯೊಳಗೆ ಪೆನ್ಸಿಲಿನಿಂದ ವಾರೆಯಾಗಿ ಬರೆದಿತ್ತು: “ಕಣ್ಣು ಮಿಟುಕಿಸೋನೇ ನಮ್ಮೋನು.”

ಮಾಸ್ತರರು ಕನ್ನಡಕ ಹಣೆಗೇರಿಸಿ ಅದನ್ನು ಎರಡು ಸಲ ಓದಿದರು. “ದೇವತೆಗಳು ರೆಪ್ಪಿ ಬಡಿಯೂದಿಲ್ಲ ಅಂತ ಇದರಾಗ ಎಲ್ಲೂ ಬರದಿಲ್ರಿ. ಅಜ್ಜಿ ಹೇಳಿರಬೇಕು,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಮ್ಮೋನು ಅನ್ನೂದು ನಿಮ್ಮ ಕಡೀದಲ್ಲ? ಇರಲಿ ಬಿಡ್ರಿ, ಗುಳ್ಳ್ಯಾಗ ಸರಿಯಾಗಿ ಕೂತದ,” ಎಂದು ಶಾಯಿಯ ಪೆನ್ನು ತೆಗೆದು ಪೆನ್ಸಿಲಿನ ಗೆರೆಗಳ ಮೇಲೆಯೇ ತಿದ್ದತೊಡಗಿದರು. ಹುಡುಗಿಯ ತಂದೆ ಇನ್ನೂ ಏನೂ ಹೇಳಿಲ್ಲ. ಮುಂದಿನ ಭಾನುವಾರಕ್ಕೆ ಅಜ್ಜಿಯೇ ತಮ್ಮನ್ನು ಆ ಕೋಣೆಗೆ ಕರೆದುಕೊಂಡು ಹೋಗುವಿರಾ ಎಂದು ಕೇಳಿ ಕಳಿಸಿದ್ದಾರೆ; ಅವರ ಮೊಣಕಾಲು ನೋವಿಗೆ ಆಟೋ ಗೊತ್ತುಮಾಡಬೇಕು.